ಏಳನೇ ಕೊಳವೆ

ನೀರು ಇಳಿದ ಮೇಲೆ ಹೋಗಬೇಕು,
ಏರುವ ಮೊದಲು ಬರಬೇಕು.
ಅವ್ವ ಬಳಚು ಹೆಕ್ಕುತ್ತಿದ್ದ ಲೆಕ್ಕವೇ ನನ್ನದೂ;
ಅವಳ ಸೊಂಟಕ್ಕೆ ಬುಟ್ಟಿ, ನನ್ನ ಕೊರಳಿಗೆ ಮೀಟರು.

ಮಾಣಿಕಟ್ಟೆಯ ಗಜನಿ ದಂಡೆಯ ಗುಂಟ
ಹನ್ನೆರಡು ಕೊಳವೆ ಹುಗಿದಿದ್ದಾರೆ,
ಮೇಲೆ ಮೊಳದುದ್ದ, ಕೆಳಗೆ ಆಳುದ್ದ.
ಅದಕ್ಕೂ ಕೆಳಗೆ, ಬಾವಿಗಳೆಲ್ಲ ಮುಗಿದ ಮೇಲೂ ಕೆಳಗೆ,
ಕರಿಕಲ್ಲಿನ ಹೊಟ್ಟೆಯಲ್ಲಿ
ಯಾವುದೋ ಊರಿನ ಚಿಮಣಿಯ ಉಸಿರನ್ನು
ಹಿಂಡಿ, ನೀರಿನ ಹಾಗೆ ಮಾಡಿ
ಮಲಗಿಸಿದ್ದಾರಂತೆ.
ಎದ್ದು ಬಂದೀತೇ ಎಂದು ನೋಡುವವಳು ನಾನು.
ದಿನಾ ಹಾಳೆಯಲ್ಲಿ ಬರೆಯುತ್ತೇನೆ: ಏನೂ ಇಲ್ಲ.
ಅವ್ವನಿಗೆ ನಗು:
'ಬರಿ ಬುಟ್ಟಿ ಹೊತ್ತು ತಂದವಳಿಗೆ ಕೂಲಿ ಕೊಡುವವರನ್ನು
ಈಗಲೇ ಕಂಡೆ ನೋಡು.'

ಕೆಸರು ಓದಲು ಕಲಿಸಿದವಳೂ ಅವಳೇ.
ಅಕ್ಕಪಕ್ಕ ಎರಡು ತೂತಿದ್ದರೆ ಬಳಚು.
ಅಂಚಿಗೆ ಮಣ್ಣಿನ ಗುಳಿಗೆ ಉದುರಿದ್ದರೆ ಏಡಿ.
ಕಾಂಡ್ಲದ ಎಲೆ ಕೊಳೆತದ್ದಾದರೆ
ಗುಳ್ಳೆ ನಿಧಾನ, ಮೂಗಿಗೇ ಗೊತ್ತಾಗುತ್ತದೆ.
ಇದಾವುದಕ್ಕೂ ಸೇರದ ಗುಳ್ಳೆ ಕಂಡರೆ ಓಡಿ ಬಾ
ಎಂದಿದ್ದರು ಕಂಪನಿಯವರು.
ಅದು ಹೇಗಿರುತ್ತದೆ ಎಂದು ಕೇಳಿದೆ.
ಅವರೂ ನೋಡಿರಲಿಲ್ಲ.

ಮಿರಗದ ಮಳೆ ಹೊಯ್ದ ಮೂರನೇ ಬೆಳಿಗ್ಗೆ
ಏಳನೇ ಕೊಳವೆಯ ಅಂಕಿ ನಾಲ್ಕು ಪಟ್ಟು.
ಮೀಟರು ಒರೆಸಿದೆ. ಬೇರೆ ಮೀಟರು ತಂದೆ.
ನನ್ನುಸಿರೇ ತಾಗಿತೇನೋ ಎಂದು
ಮುಖ ತಿರುಗಿಸಿ, ಮೂಗು ಹಿಡಿದು, ಕಾದೆ.
ನಾಲ್ಕೇ ಪಟ್ಟು.

ಸಂಜೆಗೆ ತದಡಿ ಧಕ್ಕೆಯಲ್ಲಿ ನೆಲ ಬಿರಿದಿತ್ತು,
ರಾತ್ರಿಗೆ ಕುಮಟೆಯಲ್ಲಿ ಮೂರು ಎಮ್ಮೆ ಸತ್ತಿದ್ದವು,
ಬೆಳಗಾಗುವಾಗ ಬಳಚಿನ ಲಾರಿ
ನಮ್ಮೂರ ಕ್ರಾಸಿನಲ್ಲಿ ನಿಲ್ಲಲೇ ಇಲ್ಲ.
ಅವ್ವ ಎರಡು ಬುಟ್ಟಿ ಮತ್ತೆ ಹೊಳೆಗೇ ಸುರಿದಳು.
ನನ್ನನ್ನು ಏನೂ ಅನ್ನಲಿಲ್ಲ.

ಪರೀಕ್ಷೆಗೆಂದು ಬಂದವರು ಭಟ್ಕಳದ ನಿಲೋಫರ್ ಕೋಲಾ.
ಮಂಡಿಯವರೆಗೆ ಕೆಸರು, ತಲೆಯ ಮೇಲೆ ಕೊಪ್ಪೆ.
ಕೊಳವೆಯ ಗಾಳಿಯನ್ನು ಸೀಸೆಗೆ ಎಳೆದು
ಬಿರಡೆ ಒತ್ತಿ, ಚೀಟಿ ಅಂಟಿಸಿ,
ಖಾಲಿಯಂತೆ ಕಾಣುವುದನ್ನು
ಹಸುಗೂಸಿನಂತೆ ಪೆಟ್ಟಿಗೆಯಲ್ಲಿಟ್ಟರು.
ಹೋದ ವರ್ಷದ ಹುಲ್ಲಿನ ಇಂಗಾಲದಲ್ಲಿ
ಒಂದು ಸಣ್ಣ ಮಿಣುಕು ಉಳಿದಿರುತ್ತದಂತೆ,
ಕಲ್ಲಿದ್ದಲಿನದಕ್ಕೆ ಅದು ಆರಿ ಯುಗಗಳೇ ಆದವಂತೆ.

ಇಪ್ಪತ್ತೆರಡು ದಿನಕ್ಕೆ ಉತ್ತರ ಬಂತು:
ಮಿಣುಕು ಇದೆ.
ಕೊಯ್ದುಳಿದ ಕಗ್ಗದ ಬುಡ ನೆನೆದು ಕೊಳೆತದ್ದು, ಅಷ್ಟೇ.

ಕಂಪನಿಯವರು ಪೇಡೆ ಹಂಚಿದರು.
ನಿಲೋಫರ್ ಮೇಡಂ ಪೇಡೆ ಕೈಯಲ್ಲೇ ಹಿಡಿದು ಕೇಳಿದರು:
ಒಳಗೆ ತುಂಬುವ ಮೊದಲು
ಈ ನೆಲದ ಉಸಿರು ಅಳೆದದ್ದು ಯಾವಾಗ?
ಏಪ್ರಿಲ್‌ನಲ್ಲಿ. ಹದಿನೆಂಟು ದಿನ.
ಮಣ್ಣು ಹಪ್ಪಳದ ಹಾಗೆ ಸೆಟೆದಿದ್ದಾಗ.
ಮಳೆಗಾಲದಲ್ಲಿ ಎಷ್ಟು ಎಂದು ಯಾರ ಹಾಳೆಯಲ್ಲೂ ಇರಲಿಲ್ಲ.

'ಆ ಮೂಲೆ ಪ್ರತಿ ಮಿರಗಕ್ಕೂ ಕುದಿಯುತ್ತದೆ,'
ಅಂದಳು ಅವ್ವ, ಕತ್ತಿ ಮಸೆಯುತ್ತ.
'ನಿನ್ನಜ್ಜಿ ಅಲ್ಲಿ ಕಾಲಿಡುತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.'
ಮೇಡಂ ಅದನ್ನೂ ಬರೆದುಕೊಂಡರು,
ಅವ್ವನ ಹೆಸರು, ವಯಸ್ಸು ಕೇಳಿ:
ಮಂಕಾಳಿ ಸುಬ್ಬು ಅಂಬಿಗ, ಅರವತ್ತೋ ಅರವತ್ತೈದೋ.

ಲಾರಿ ಇನ್ನೂ ಬಂದಿಲ್ಲ.
ಸೀಸೆ ಹೇಳಿದ್ದನ್ನು ಲಾರಿಗೆ ಹೇಳುವವರು ಯಾರು?
ನಾನಂತೂ ಒಂದು ಶಬ್ದ ಬದಲಿಸಿದ್ದೇನೆ:
'ಇಲ್ಲ' ಎನ್ನುತ್ತಿದ್ದಲ್ಲಿ 'ಕಂಡಿಲ್ಲ'.
ಸೂಪರ್‌ವೈಸರು ಎರಡು ಸಲ ಹೊಡೆದುಹಾಕಿದ.
ಮೂರನೇ ಸಲವೂ ಬರೆದೆ.

ನೂರು ವರ್ಷ ನೋಡಬೇಕಂತೆ ಇದನ್ನು.
ಕೊಳವೆ ತುಕ್ಕು ಹಿಡಿದೀತು, ಕಂಪನಿ ಹೆಸರು ಬದಲಿಸೀತು,
ಕಲ್ಲಿಗೆ ಅವಸರವಿಲ್ಲ.
ಅಗೋ ಜಂತ್ರಡಿಯ ಹಲಗೆ ಬಡಿಯುತ್ತಿದೆ,
ಅಘನಾಶಿನಿ ಏರುತ್ತಿದ್ದಾಳೆ,
ಎಂಟನೆಯದನ್ನು ಇನ್ನೂ ನೋಡಬೇಕು.