ರೊಟ್ಟಿ ಗಟ್ಟಿಯಾಗಿಲ್ಲ, ಒರಾಜ್‌ಗೆಲ್ದಿ

"ಈಚೆಗೆ ನಿನ್ನ ರೊಟ್ಟಿ ಗಟ್ಟಿ," ಅಂದ.
ಎಲ್ಲರೆದುರು ಅಂದ.
ಗುಮಿಶಾನದ ಆ ಇಕ್ಕಟ್ಟು ಓಣಿಯಲ್ಲಿ
ಸಾಲು ನಿಂತ ಹನ್ನೊಂದು ಜನವೂ
ನನ್ನ ತಂದೂರಿನ ಬಾಯಿ ನೋಡಿದರು.

ಮೂವತ್ತು ವರ್ಷದಿಂದ ಅದೇ ಹಿಟ್ಟು, ಅದೇ ಹುಳಿ,
ಮೊಣಕೈವರೆಗೂ ರೋಮ ಸುಟ್ಟ ಇದೇ ಕೈ.
ತುಟಿ ಕಚ್ಚಿಕೊಂಡು, ಮೇಲೆ ನೀರು ಸವರಿ
ಮೆತ್ತಗಿನದೊಂದು ತೆಗೆದುಕೊಟ್ಟೆ.

ಮುಂದಿನ ವಾರ, "ತೆಳ್ಳಗೆ ತಟ್ಟು."
ಅದರ ಮುಂದಿನ ವಾರ, "ಅಂಚು ಬೇಡ, ನಡುವಿನದಷ್ಟು ಸಾಕು."
ಅಂಚು ಕುದುರೆಗಂತೆ.
ಕುದುರೆ ಮಾರಿ ಎರಡು ವರ್ಷವಾಗಿತ್ತು.

ಅವನ ಚಹಾ ಊರಿಗೇ ಗೊತ್ತು.
ಕುದಿಕುದಿಯುತ್ತ ಬಟ್ಟಲಿಗೆ, ಬಟ್ಟಲಿಂದ ಗಂಟಲಿಗೆ,
ನಾಲಿಗೆಗೆ ಸುದ್ದಿ ಮುಟ್ಟುವ ಮೊದಲೇ.
"ಆರಿದ ಚಹಾ ಸಾವಿನ ಮನೆಯದು" ಎನ್ನುವನು.
ಮೀಸೆ ಚಿಗುರಿದಂದಿನಿಂದ ಇದೇ ಪಂದ್ಯ, ಇದೇ ಗೆಲುವು.

ಈಗ ಪ್ರತಿ ತುತ್ತಿನ ಬೆನ್ನಿಗೂ ಒಂದು ಗುಟುಕು,
ಕೆಸರಲ್ಲಿ ಹೂತ ಗಾಡಿಯನ್ನು
ಹಿಂದಿನಿಂದ ನೂಕುವವರಂತೆ.
ಆಮೇಲೆ ಎದೆಯ ನಡುವೆ ಒಂದು ಬೆರಳಿಟ್ಟು
ಸುಮ್ಮನೆ ಕಾಯುತ್ತಾನೆ,
ಒಳಗೆ ಯಾರೋ ಕದ ತಟ್ಟಿದ್ದು ಕೇಳಿದ ಹಾಗೆ.

ಹೊಟ್ಟೆ ಗುಡುಗುಟ್ಟಿದರೆ ಇಡೀ ಮನೆ ಏಳುತ್ತದೆ.
ನುಲಿದರೆ ಪುದೀನ, ಉರಿದರೆ ಒಂಟೆಹಾಲಿನ ಮಜ್ಜಿಗೆ,
ಪಕ್ಕದ ಮನೆಯವರದೂ ಒಂದು ಸಲಹೆ.
ಇದು ಹಾಗಲ್ಲ. ನೋವಿಲ್ಲ, ಸದ್ದಿಲ್ಲ.
ರಾತ್ರಿ ಅಂಗಡಿಯವ ಒಂದೊಂದೇ ಹಲಗೆ ಜೋಡಿಸಿ
ಬಾಗಿಲು ಹಾಕುವ ಹಾಗೆ:
ಮೊದಲು ರೊಟ್ಟಿಯಂಚು ಹೊರಗುಳಿಯಿತು.
ಆಮೇಲೆ ಮಾಂಸ.
ಆಮೇಲೆ

ನನ್ನಪ್ಪನೂ ಅಮ್ಮನಿಗೆ ಹೀಗೇ ಅಂದಿದ್ದ.
ಅಮ್ಮ ಹಿಟ್ಟು ಬದಲಿಸಿದಳು. ಗಿರಣಿ ಬದಲಿಸಿದಳು.
ಬೇಸಿಗೆಗೆ ರೊಟ್ಟಿ ಹಾಲಲ್ಲಿ ನೆನೆಸಿ, ಹಿಸುಕಿ, ಚಮಚದಲ್ಲಿ.
ಹತ್ತಿ ಬಿಡಿಸುವ ಹೊತ್ತಿಗೆ
ಅವನ ಪಾಲಿನ ಹಿಟ್ಟು ಅಳೆಯುವುದೇ ಬೇಡವಾಯಿತು.
ಬದಲಾದದ್ದು ಹಿಟ್ಟಲ್ಲವೆಂದು
ಒಬ್ಬರಾದರೂ ಹೇಳಬೇಕಿತ್ತು.

ನಿನ್ನೆ ಸಾಲಲ್ಲಿ ಸೋನಾಗುಲ್ ಅಜ್ಜಿಯೂ ಇದ್ದಳು,
ಬಾಯಲ್ಲಿ ಒಂದೇ ಒಂದು ಹಲ್ಲು.
ಅದೇ ರೊಟ್ಟಿ ಹರಿದು ತಿನ್ನುತ್ತ ನಿಂತಿದ್ದಳು.
ಎಲ್ಲರೆದುರು ಅವಳನ್ನು ತೋರಿಸಿ
ಅವನ ಮಾತು ಅವನಿಗೇ ಮರಳಿಸುವ ಆಸೆ
ನಾಲಿಗೆ ತುದಿಗೆ ಬಂದಿತ್ತು.
ಸಾಲು ಕರಗುವವರೆಗೂ ಕಾದೆ.

"ಎಂದಿನಿಂದ?"
"ಏನು?"
"ಬೆಲ್ಟಿನ ಹೊಸ ತೂತು."
ಮೊಳೆಯಲ್ಲಿ ಚುಚ್ಚಿದ ಸೊಟ್ಟ ತೂತು. ಅಂಗೈ ಮುಚ್ಚಿಕೊಂಡ.
"ಈದಿನಿಂದ." ದನಿ ಒಡೆದಿತ್ತು. "ನೆಗಡಿ," ಅಂದ.
"ರೊಟ್ಟಿ ಗಟ್ಟಿಯಾಗಿಲ್ಲ, ಒರಾಜ್‌ಗೆಲ್ದಿ.
ಆರೂವರೆಗೆ ಗೋರ್ಗಾನ್ ಬಸ್ಸು.
ನನ್ನ ತಂಗಿಯ ಮಗಳು ಆಸ್ಪತ್ರೆಯ ಬಾಗಿಲಲ್ಲಿರುತ್ತಾಳೆ."

"ಗಂಟಲಲ್ಲಿ ಕ್ಯಾಮೆರಾ ಇಳಿಸುತ್ತಾರಂತಲ್ಲ," ಅಂದ,
"ಅದು ಇಳಿಯುವ ಹಾಗಿದ್ದರೆ
ನಿನ್ನ ರೊಟ್ಟಿಗೇನು ಧಾಡಿಯಾಗಿತ್ತು?"
ಇಬ್ಬರೂ ನಕ್ಕೆವು. ಅವನಿಗೆ ಬಿಕ್ಕಳಿಕೆ ಹತ್ತಿತು.

ಬೆಳಿಗ್ಗೆ ಬಂದ. ಬಸ್ಸು ಓಣಿಯ ತುದಿಯಲ್ಲಿ ನಿಂತಿತ್ತು.
ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದಾರೆ,
ಕಟ್ಟಿಕೊಡುವ ಹಾಗಿಲ್ಲ.
ಆದರೂ ಕೈಚಾಚಿ ನಿಂತ, ಅಭ್ಯಾಸಬಲ.
ಕೈಗೆ ಏನು ಕೊಡುವುದೋ ತಿಳಿಯದೆ
ಬಿಸಿ ಒರೆಸುವ ಬಟ್ಟೆಯನ್ನೇ ಕೊಟ್ಟೆ.

ಅವನು ಹೋದಮೇಲೆ ಚಹಾ ಬಗ್ಗಿಸಿಕೊಂಡು ಕೂತೆ.
ಹಬೆ ಏಳುತ್ತಲೇ ಇತ್ತು.
ಒಂದು ಬಟ್ಟಲು ಆರಲು ಇಷ್ಟು ಹೊತ್ತು ಬೇಕೆಂದು
ಈ ವಯಸ್ಸಿನವರೆಗೂ
ನಾನು ಕಾದು ನೋಡಿರಲಿಲ್ಲ.