ಏಳನೇ ಚಾನೆಲ್

ಚೌಕಿಪೇಟೆ, ಮೊದಲ ಮಹಡಿ.
ಕೆಳಗೆ ಮಂಡಕ್ಕಿ ಮೂಟೆ ಇಳಿಸುತ್ತಿದ್ದರು.
ಗೌಸಣ್ಣ ಪೆನ್‌ಡ್ರೈವನ್ನು ಲುಂಗಿಗೆ ಒರೆಸಿ ಚುಚ್ಚಿದ.
ನಡುವೆ ಕರೆಂಟು ಹೋದರೆ ಮಿಕ್ಸರ್ ಬರೀ ಹಲಗೆ ನೋಡು, ಎಂದ,
ಯುಪಿಎಸ್ ಮೇಲೆ ಕೈಯಿಟ್ಟು,
ಜ್ವರ ನೋಡುವವನ ಹಾಗೆ.

ನೂರಕ್ಕೆ ಮೂವತ್ತೆಂಟು. ನಿಂತಿತು.
ಫ್ಯಾನು ಆರಿಸಿದೆವು, ಯಾಕೋ ಗೊತ್ತಿಲ್ಲ.
ದಾವಣಗೆರೆಯ ಏಪ್ರಿಲ್ ಪೂರ್ತಿ ಒಳಗೆ ಬಂದು ಕೂತಿತು.

ಆಮೇಲೆ ಒಮ್ಮೆಲೇ
ಫೇಡರುಗಳೆಲ್ಲ ತಾವೇ ಮೇಲೆದ್ದು ತಾವೇ ಕೂತವು,
ಹರಪನಹಳ್ಳಿ ಬಸ್ಸೆಂದು ಎದ್ದು
ಅಲ್ಲವೆಂದು ಕೂರುವ ಜನರ ಹಾಗೆ.

ಹೊಸ ಬಣ್ಣ, ಹೊಸ ಅಕ್ಷರ. ಚಂದವೇ.
ಹಳೆಯ ಸೀನುಗಳ ಪಟ್ಟಿ ಮಾತ್ರ ಖಾಲಿ.
ಬ್ಯಾಕಪ್? ಎಂದ.
ನಾನು ಕಿಟಕಿ ನೋಡಿದೆ.

ಹನ್ನೊಂದು ವರ್ಷದ ನಾಟಕಗಳು ಅದರಲ್ಲಿದ್ದವು.
ಏಳನೇ ಚಾನೆಲ್, ಗಿರಿಜವ್ವ:
ಮೂಗಿನ ದನಿಗೆ ಎಂಟುನೂರು ಹರ್ಟ್ಜ್‌ನಲ್ಲಿ ನಾಕು ಡಿಬಿ ಇಳಿತ,
ಸಕಾರ ಸೀಳದಂತೆ ಸಣ್ಣದೊಂದು ತಡೆ,
ಅಳುವ ಪ್ರವೇಶಕ್ಕೆ ಚೂರೇ ಚೂರು ಎಕೋ,
ಅವಳು ಬೇಡವೆಂದರೂ.

ಸಂಜೆ ಬಂದಳು. ಹೆದರುತ್ತಲೇ ಹೇಳಿದೆ.
ಬಾಯಿ ತೆರೆದು ತೋರಿಸಿದಳು:
ಹಲ್ಲಿನ ಸೆಟ್ಟು, ಹೋದ ಬುಧವಾರ ಕೂರಿಸಿದ್ದು.
'ಹಳೇದೆಲ್ಲ ಹೋತು ತಗಳಪ್ಪ, ನಂದೂ.'
ಮೈಕಿಗೆ ಹಲೋ ಅನ್ನಲಿಲ್ಲ,
ಅತ್ತೆಯ ಪಾರ್ಟಿನ ಬೈಗುಳವೊಂದನ್ನು ಎಸೆದಳು.
ಸೊಸೆ ಅಂದದ್ದು
ಸ್ಪೀಕರಿನಲ್ಲಿ ಶೊಶೆ ಆಗಿ ಬಂತು.

ಗೌಸಣ್ಣ ಗೋಡೆ ಹಿಡಿದು ನಕ್ಕ.
ಎಂಟುನೂರರ ಹತ್ತಿರ
ನನ್ನ ಬೆರಳು ಆಗಲೇ ಹೋಗಿ ನಿಂತಿತ್ತು.
ವಾಪಸ್ ಕರೆದೆ.
ಇನ್ನೊಮ್ಮೆ ಬೈ ಗಿರಿಜವ್ವ, ಎಂದೆ,
ನಿಧಾನಕ್ಕೆ.