ಅಲ್ಲಪ್ಪನ ಹಾಜರಿ

ಟಾರ್ಟುವಿನ ದಾಖಲೆ ಭಂಡಾರದಲ್ಲಿ ಮೂರೂವರೆಗೇ ಕತ್ತಲು.
ಕಿಟಕಿಯಾಚೆ ನದಿ ಅರ್ಧ ಹೆಪ್ಪು, ಅರ್ಧ ಹರಿವು.
ಏವಿ ಪೆಟ್ಟಿಗೆ ತೆರೆಯುತ್ತಾಳೆ:
ಕಸೆಪೆರ ಎಂಬ ಹಳ್ಳಿಯ
ಬೆಂಕಿ ಆರಿಸುವವರ ಸಂಘದ ನಡಾವಳಿ ಪುಸ್ತಕ,
ಸಾವಿರದ ಒಂಬೈನೂರ ಇಪ್ಪತ್ತಾರರಿಂದ ಮೊದಲು.
ರಟ್ಟಿಗೆ ಇನ್ನೂ ಹೊಗೆಯ ವಾಸನೆ,
ಅಥವಾ ಅವಳಿಗೆ ಹಾಗೆ ಬೇಕಾಗಿದೆ.

ಅವಳ ಪ್ರಬಂಧದ ಹೆಸರೇ ಎರಡು ಸಾಲು:
ನಾಗರಿಕ ಸಮಾಜ, ಸಹಭಾಗಿತ್ವ, ಆಡಳಿತ, ಇತ್ಯಾದಿ.
ಪುಸ್ತಕದಲ್ಲಿ ಇರುವುದು:
ಚರ್ಮದ ಬಕೆಟ್ಟು ಹದಿನಾಲ್ಕು, ತೂತು ಬಿದ್ದವು ಮೂರು.
ಪಂಪು ಕೊಳ್ಳಬೇಕೆ? ಪರ ಒಂಬತ್ತು, ವಿರುದ್ಧ ಏಳು.
ದುಡ್ಡು ಸಾಲದು, ಕುಣಿತದ ಸಂಜೆ ಇಟ್ಟು ಟಿಕೆಟ್ಟು ಮಾರುವುದು.

ಮತ್ತೆ, ಕಾರ್ಯದರ್ಶಿಯ ಮೊನಚು ಅಕ್ಷರದಲ್ಲಿ:
‘ಹಿಂದ್ರಿಕ್ ಕಸ್ಕ್ ಒಪ್ಪದೆ ಎದ್ದು ಹೋದರು.
ಬಾಗಿಲು ಜೋರಾಗಿ ಹಾಕಿಕೊಂಡಿತು.’
ಹಾಕಿದರು ಅಲ್ಲ, ಹಾಕಿಕೊಂಡಿತು!
ಆ ಒಂದು ಕ್ರಿಯಾಪದದ ಮರ್ಯಾದೆಗೆ
ಏವಿ ಒಬ್ಬಳೇ ನಗುತ್ತಾಳೆ.

ಮುಂದಿನ ಪುಟ, ಮುಂದಿನ ಗುರುವಾರ.
ಹಾಜರಿಯಲ್ಲಿ ಮೂರನೆಯ ಹೆಸರು ಹಿಂದ್ರಿಕ್.
ತಾನು ಬೇಡವೆಂದ ಪಂಪಿಗೆ
ಎಣ್ಣೆ ಬಿಡುವ ಕೆಲಸ ಅವನದೇ.

ಹದಿಮೂರು ವರ್ಷದಲ್ಲಿ ಇಪ್ಪತ್ತೆರಡು ಸಲ ಎದ್ದು ಹೋಗಿದ್ದಾನೆ,
ಅವಳು ಎಣಿಸಿದ್ದಾಳೆ.
ಇಪ್ಪತ್ತೆರಡು ಸಲವೂ ಬಂದಿದ್ದಾನೆ.
ಒಮ್ಮೆ ಅವನದೇ ಹುಲ್ಲಿನ ಕೊಟ್ಟಿಗೆ ಹತ್ತಿಕೊಂಡಾಗ
ಆ ಪಂಪೇ ನೀರು ಸುರಿಯಿತು.
ಮರುವಾರ ಹಿಂದ್ರಿಕನ ತಕರಾರು:
ಕೊಳವೆ ಮೋಟು, ನಾನು ಆಗಲೇ ಹೇಳಿದ್ದೆ.

ಆಮೇಲೆ ನಲವತ್ತರ ಶರತ್ಕಾಲ.
ಶಾಯಿ ಬೇರೆ, ಕೈ ಬೇರೆ,
ಸಾಲುಗಳು ದಾರ ಹಿಡಿದಂತೆ ನೆಟ್ಟಗೆ.
ಸರ್ವಾನುಮತ.
ಸರ್ವಾನುಮತ.
ಸರ್ವಾನುಮತ.
ಹತ್ತೇ ನಿಮಿಷಕ್ಕೆ ಮುಗಿದ ಮೂರು ಸಭೆ.
ಹೌದಪ್ಪನ ಚಾವಡಿಯಲ್ಲಿ
ಅಲ್ಲಪ್ಪ ಹಾಜರಿಲ್ಲ,
ಗೈರು ಎಂದೂ ಬರೆದಿಲ್ಲ.
ಉಳಿದ ಹಾಳೆಗಳು ಖಾಲಿ,
ಅವಳು ಒಂದೊಂದನ್ನೂ ಮಗುಚುತ್ತಾಳೆ.

ಮಂಗಳವಾರ ಮೇಷ್ಟ್ರು ಲೆಂಬಿತ್ ಕೇಳುತ್ತಾರೆ:
ಪ್ರಜಾಪ್ರಭುತ್ವವನ್ನು ಯಾವ ಅಳತೆಯಲ್ಲಿ ಹಿಡಿಯುತ್ತೀ?
ಮತದಾನದ ಪ್ರಮಾಣ, ಸದಸ್ಯರ ಸಂಖ್ಯೆ, ಸಂಘಗಳ ಲೆಕ್ಕ
ಕೋಷ್ಟಕದಲ್ಲಿ ಆಗಲೇ ಕೂತಿವೆ.
ಏವಿ ಕೊನೆಗೊಂದು ಅಂಕಣ ಎಳೆದು
ತಲೆಬರಹ ಬರೆಯುತ್ತಾಳೆ: ಬಾಗಿಲು.
ಎಷ್ಟು ಸಲ ಬಡಿಯಿತು,
ಬಡಿದ ಕೈಗೇ ಎಷ್ಟು ಸಲ ಮತ್ತೆ ತೆರೆಯಿತು.

ಅವರು ಕನ್ನಡಕ ತೆಗೆದು ಒರೆಸುತ್ತಾರೆ.
ಇದನ್ನು ಸಮಿತಿ ಒಪ್ಪುವುದಿಲ್ಲಮ್ಮ.
ನಾನೂ ಒಪ್ಪುವುದಿಲ್ಲ.

ಏವಿ ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ ಹೊರಡುತ್ತಾಳೆ.
ಗಾಳಿಗೋ ಏನೋ,
ಬಾಗಿಲು ಜೋರಾಗಿ ಹಾಕಿಕೊಳ್ಳುತ್ತದೆ.

ಮೇಷ್ಟ್ರು ಸ್ವಲ್ಪ ಹೊತ್ತು ಅದನ್ನೇ ನೋಡಿ
ಡೈರಿ ತೆಗೆದು ಬರೆದುಕೊಳ್ಳುತ್ತಾರೆ:
ಗುರುವಾರ, ಹತ್ತು ಗಂಟೆ, ಏವಿ.